ಶಿಕ್ಷಣ ಸಾಲ ಮತ್ತು ವೃತ್ತಿಯ ಮೊದಲ ಮೂರು ವರ್ಷಗಳು: ದಾವಣಗೆರೆ, ಚಿತ್ರದುರ್ಗದ ಹೊಸ ಪದವೀಧರರಿಗೊಂದು ಸಮಗ್ರ ಮಾರ್ಗದರ್ಶಿ

ದಾವಣಗೆರೆಯ ಬಿಐಇಟಿ, ಯುಬಿಡಿಟಿ ಕಾಲೇಜುಗಳಿಂದಲೋ ಚಿತ್ರದುರ್ಗದ ಎಸ್‌ಜೆಎಂ ತಾಂತ್ರಿಕ ಸಂಸ್ಥೆಯಿಂದಲೋ ಪದವಿ ಪಡೆದು ಹೊರಬರುವವರಲ್ಲಿ ಹಲವರ ಹೆಸರಿನಲ್ಲಿ ಆ ವೇಳೆಗಾಗಲೇ ಒಂದು ಬ್ಯಾಂಕ್ ಸಾಲವಿರುತ್ತದೆ. ಸಾಲ ಮಂಜೂರಾದಾಗ ಅವರು ಆಗಷ್ಟೇ ಪಿಯುಸಿ ಮುಗಿಸಿದವರು. ಮ್ಯಾನೇಜರ್ ತೋರಿಸಿದ ಕಡೆಯಲ್ಲೆಲ್ಲ ತಂದೆಯೊಂದಿಗೆ ಕುಳಿತು ಸಹಿ ಹಾಕಿದ್ದು ನೆನಪಿರುತ್ತದೆ, ಸಹಿ ಹಾಕಿದ ಕಾಗದದಲ್ಲಿ ಏನಿತ್ತೆಂಬುದು ನೆನಪಿರುವುದಿಲ್ಲ. ಕೋರ್ಸ್ ಮುಗಿದ ಮೇಲೆ ಕೆಲಸದ ಹುಡುಕಾಟ, ಊರು ಬಿಡುವ ಸಿದ್ಧತೆ, ಮನೆಯವರ ನಿರೀಕ್ಷೆ ಎಲ್ಲವೂ ಒಟ್ಟಿಗೆ ಬರುವ ಹೊತ್ತಿನಲ್ಲೇ ಕಂತಿನ ದಿನವೂ ಹತ್ತಿರವಾಗುತ್ತದೆ.

ಈ ಬರಹದ ನಿಲುವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬ್ಯಾಂಕಿನ ಶಿಕ್ಷಣ ಸಾಲದ ಕಂತು ಒಂದು ದಿನವೂ ತಪ್ಪಬಾರದು. ಆದರೆ ಆ ಸಾಲವನ್ನು ಅವಧಿಗೆ ಮುನ್ನವೇ ತೀರಿಸಿ ಕೈತೊಳೆದುಕೊಳ್ಳಬೇಕೆಂಬ ಆತುರವೂ ವೃತ್ತಿಯ ಮೊದಲ ಎರಡು ಮೂರು ವರ್ಷಗಳಲ್ಲಿ ಬೇಕಾಗಿಲ್ಲ. ಕಂತು ಕಟ್ಟಿ ಉಳಿಯುವ ಹಣ ಮೊದಲು ಮನೆಯ ದುಬಾರಿ ಕೈಸಾಲಕ್ಕೆ, ನಂತರ ನಿಮ್ಮ ಕೆಲಸದ ಬೆಳವಣಿಗೆಗೆ, ಆಮೇಲೆ ಬ್ಯಾಂಕಿನ ಅಸಲಿಗೆ ಹೋಗಬೇಕು. ಈ ಕ್ರಮ ಏಕೆಂಬುದು ಮುಂದಿನ ಲೆಕ್ಕಗಳಲ್ಲಿ ತಿಳಿಯುತ್ತದೆ.

ಹೆಜ್ಜೆ 1: ಸಾಲದ ಕಾಗದಗಳನ್ನು ಕೈಗೆ ತೆಗೆದುಕೊಳ್ಳಿ

ಸಾಲ ಮಂಜೂರು ಮಾಡಿದ ಶಾಖೆಗೆ ಹೋಗಿ ಎರಡು ಕಾಗದಗಳನ್ನು ಕೇಳಿ ಪಡೆಯಿರಿ: ಸ್ಯಾಂಕ್ಷನ್ ಲೆಟರ್‌ನ ಪ್ರತಿ ಮತ್ತು ಸಾಲ ಆರಂಭವಾದ ದಿನದಿಂದ ಇಂದಿನವರೆಗಿನ ಖಾತೆಯ ಸ್ಟೇಟ್‌ಮೆಂಟ್. ಬಾಕಿ ಎಷ್ಟಿದೆ ಎಂದು ಕೌಂಟರ್‌ನಲ್ಲಿ ಬಾಯಿಮಾತಿನಲ್ಲಿ ಕೇಳಿ ಬರುವುದರಿಂದ ಪ್ರಯೋಜನವಿಲ್ಲ. ಸ್ಟೇಟ್‌ಮೆಂಟ್‌ನಲ್ಲಿ ಕಾಲೇಜಿಗೆ ಪ್ರತಿ ವರ್ಷ ಹೋದ ಶುಲ್ಕ ಖರ್ಚಿನ ಕಲಮಿನಲ್ಲಿ ಒಂದೊಂದು ನಮೂದಾಗಿ ಕಾಣುತ್ತದೆ. ಬಡ್ಡಿ ಲೆಕ್ಕ ಹಾಕಿದ ನಮೂದುಗಳು ಪ್ರತ್ಯೇಕವಾಗಿರುತ್ತವೆ. ಸರ್ಕಾರದ ಬಡ್ಡಿ ಸಹಾಯಧನ ಬಂದಿದ್ದರೆ ಅದು ಜಮಾ ಕಲಮಿನಲ್ಲಿರುತ್ತದೆ. ನಾಲ್ಕು ವರ್ಷಗಳ ಶುಲ್ಕದ ರಸೀದಿಗಳನ್ನು ಪಕ್ಕದಲ್ಲಿಟ್ಟುಕೊಂಡು ಆ ನಮೂದುಗಳನ್ನು ತಾಳೆ ನೋಡಿ. ಮೂರನೆಯ ವರ್ಷದ ಶುಲ್ಕವನ್ನು ಬ್ಯಾಂಕಿನ ಹಣ ಬರುವುದು ತಡವಾಯಿತೆಂದು ತಂದೆಯೇ ಕೈಯಿಂದ ಕಟ್ಟಿ, ಆಮೇಲೆ ಬ್ಯಾಂಕೂ ಕಾಲೇಜಿಗೆ ಕಳುಹಿಸಿರುವಂತಹ ಪ್ರಸಂಗ ಇದ್ದರೆ ಅದು ಹೊರಬೀಳುವುದು ಇಲ್ಲಿಯೇ.

ಸ್ಯಾಂಕ್ಷನ್ ಲೆಟರ್‌ನಲ್ಲಿ ನೋಡಬೇಕಾದ ಅಂಶಗಳು ನಾಲ್ಕು: ಬಡ್ಡಿ ದರ ಬದಲಾಗುವಂಥದ್ದೇ ಅಥವಾ ಸ್ಥಿರವೇ, ಕಂತು ಕಟ್ಟಬೇಕಾಗಿಲ್ಲದ ಅವಧಿ, ಅಂದರೆ ಮೊರಟೋರಿಯಂ, ಯಾವ ದಿನಾಂಕಕ್ಕೆ ಮುಗಿಯುತ್ತದೆ, ಮರುಪಾವತಿಗೆ ಎಷ್ಟು ವರ್ಷ ಕೊಟ್ಟಿದ್ದಾರೆ, ಸಹ-ಸಾಲಗಾರರು ಮತ್ತು ಜಾಮೀನುದಾರರು ಯಾರು. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯ ಪ್ರಕಾರ ಮೊರಟೋರಿಯಂ ಎಂದರೆ ಕೋರ್ಸಿನ ಅವಧಿ ಮತ್ತು ಅನಂತರದ ಒಂದು ವರ್ಷ. ಅದಾದ ಮೇಲೆ ಗರಿಷ್ಠ 15 ವರ್ಷಗಳಲ್ಲಿ ಸಾಲ ತೀರಿಸಬಹುದು. ಇಲ್ಲಿ ಕೋರ್ಸಿನ ಅವಧಿ ಎಂದರೆ ಮಂಜೂರಾತಿಯಲ್ಲಿ ಬರೆದಿರುವ ಅವಧಿ, ನಿಮ್ಮ ಕೊನೆಯ ಬ್ಯಾಕ್‌ಲಾಗ್ ಪಾಸಾದ ದಿನವಲ್ಲ. ಕೋರ್ಸ್ ಮುಗಿಸುವುದು ತಡವಾಗಿದ್ದರೆ ಅದನ್ನು ಬರಹದಲ್ಲಿ ತಿಳಿಸಿ ವಿಸ್ತರಣೆ ಕೇಳಲು ಅವಕಾಶವಿದೆ; ಕೇಳದಿದ್ದರೆ ಕಂಪ್ಯೂಟರ್ ತನ್ನ ಪಾಡಿಗೆ ಕಂತು ಆರಂಭಿಸಿ, ನಿಮಗೆ ಗೊತ್ತಾಗುವ ಮೊದಲೇ ಖಾತೆ ಸುಸ್ತಿಯಾಗುತ್ತದೆ, ಅಂದರೆ ಕಂತು ಬಾಕಿ ಬೀಳುತ್ತದೆ.

ಅದೇ ಭೇಟಿಯಲ್ಲಿ ಮೊಬೈಲ್ ಸಂಖ್ಯೆ, ಇಮೇಲ್, ವಿಳಾಸಗಳನ್ನೂ ಸರಿಪಡಿಸಿಕೊಳ್ಳಿ. ಪಿಯುಸಿ ಕಾಲದ ಸಿಮ್ ಎಂದೋ ಬಿಟ್ಟುಹೋಗಿರುತ್ತದೆ; ಬ್ಯಾಂಕಿನ ಸಂದೇಶಗಳೆಲ್ಲ ಅದಕ್ಕೇ ಹೋಗುತ್ತಿರುತ್ತವೆ.

ಹೆಜ್ಜೆ 2: ಓದುವಾಗ ಬೆಳೆದ ಬಡ್ಡಿಯನ್ನು ಲೆಕ್ಕ ಹಾಕಿ

ಓದುವಾಗ ಕಂತು ಕಟ್ಟಬೇಕಾಗಿಲ್ಲ ಎಂಬುದನ್ನು ಓದುವಾಗ ಬಡ್ಡಿ ಇಲ್ಲ ಎಂದು ತಿಳಿದಿರುವ ಕುಟುಂಬಗಳು ನಮ್ಮಲ್ಲಿ ಬಹಳ. ಬಡ್ಡಿ ಹಣ ಬಿಡುಗಡೆಯಾದ ದಿನದಿಂದಲೇ ಓಡುತ್ತದೆ. ಮೊರಟೋರಿಯಂ ಅವಧಿಯಲ್ಲಿ ಅದು ಸರಳ ಬಡ್ಡಿಯಾಗಿರುತ್ತದೆ. ಕಂತು ಆರಂಭವಾಗುವ ದಿನ ಅಷ್ಟೂ ಬಡ್ಡಿ ಅಸಲಿಗೆ ಸೇರಿ, ಅಲ್ಲಿಂದ ಮುಂದೆ ಆ ಮೊತ್ತಕ್ಕೂ ಬಡ್ಡಿ ಬೀಳುತ್ತದೆ.

ಒಂದು ಉದಾಹರಣೆ ನೋಡೋಣ. ನಾಲ್ಕು ವರ್ಷಗಳ ಇಂಜಿನಿಯರಿಂಗ್‌ಗೆ 6 ಲಕ್ಷ ರೂಪಾಯಿ ಸಾಲ, ಪ್ರತಿ ವರ್ಷದ ಆರಂಭದಲ್ಲಿ 1.5 ಲಕ್ಷದಂತೆ ಬಿಡುಗಡೆ, ಬಡ್ಡಿ ಶೇ 10 ಎಂದುಕೊಳ್ಳಿ. ಮೊದಲ ವರ್ಷದ ಹಣಕ್ಕೆ ಐದು ವರ್ಷಗಳ ಬಡ್ಡಿ 75,000, ಎರಡನೆಯದಕ್ಕೆ 60,000, ಮೂರನೆಯದಕ್ಕೆ 45,000, ನಾಲ್ಕನೆಯದಕ್ಕೆ 30,000. ಒಟ್ಟು 2,10,000 ರೂಪಾಯಿ. ಕಂತು ಆರಂಭವಾಗುವ ದಿನ ನಿಮ್ಮ ಸಾಲ 6 ಲಕ್ಷವಲ್ಲ, 8.1 ಲಕ್ಷ. ಹತ್ತು ವರ್ಷಗಳ ಅವಧಿಗೆ ಇದರ ಕಂತು ಸುಮಾರು 10,700 ರೂಪಾಯಿ. ಬಡ್ಡಿಯನ್ನು ಆಗಾಗಲೇ ಕಟ್ಟಿಕೊಂಡು ಬಂದಿದ್ದರೆ 6 ಲಕ್ಷಕ್ಕೆ ಕಂತು ಸುಮಾರು 7,930 ಮಾತ್ರ ಆಗುತ್ತಿತ್ತು. ಕಟ್ಟಿದ ಬಡ್ಡಿಯನ್ನೂ ಸೇರಿಸಿ ಲೆಕ್ಕ ಹಾಕಿದರೂ ಒಟ್ಟಾರೆ 1.2 ಲಕ್ಷಕ್ಕೂ ಹೆಚ್ಚು ಉಳಿತಾಯ. ಇದಲ್ಲದೆ ಓದುವ ಅವಧಿಯಲ್ಲೇ ಬಡ್ಡಿ ಕಟ್ಟುವವರಿಗೆ ದರದಲ್ಲಿ ಶೇ 1ರವರೆಗೆ ರಿಯಾಯಿತಿ ಕೊಡುವ ಬ್ಯಾಂಕುಗಳಿವೆ.

ಕೋರ್ಸ್ ಈಗಾಗಲೇ ಮುಗಿದಿದ್ದರೆ ಹೋದ ನಾಲ್ಕು ವರ್ಷಗಳ ಬಗ್ಗೆ ಮಾಡುವುದೇನೂ ಇಲ್ಲ, ಆದರೆ ಉಳಿದ ಒಂದು ವರ್ಷ ನಿಮ್ಮ ಕೈಯಲ್ಲಿದೆ. ಮೇಲಿನ ಉದಾಹರಣೆಯಲ್ಲಿ ಐದನೆಯ ವರ್ಷದ ಬಡ್ಡಿಯೊಂದೇ 60,000, ಅಂದರೆ ತಿಂಗಳಿಗೆ 5,000. ಬೇಗ ಕೆಲಸ ಸಿಕ್ಕರೆ ಈ ಒಂದು ವರ್ಷ ಬಡ್ಡಿಯನ್ನಾದರೂ ಕಟ್ಟಿ. ಎರಡು ಸಾವಿರ ಮಾತ್ರ ಸಾಧ್ಯವೆಂದರೆ ಎರಡು ಸಾವಿರವನ್ನೇ ಕಟ್ಟಿ; ಸಾಲದ ಖಾತೆಗೆ ಮೊರಟೋರಿಯಂನಲ್ಲೂ ಹಣ ಜಮಾ ಮಾಡಬಹುದೆಂಬುದೇ ಹಲವರಿಗೆ ತಿಳಿದಿಲ್ಲ.

ಹೆಜ್ಜೆ 3: ಸರ್ಕಾರದ ನೆರವು ಸಿಗಬೇಕಾಗಿತ್ತೇ ಎಂದು ಪರಿಶೀಲಿಸಿ

ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿಯವರೆಗೆ ಇದ್ದು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ವೃತ್ತಿಪರ ಅಥವಾ ತಾಂತ್ರಿಕ ಕೋರ್ಸ್ ಓದಿದವರಿಗೆ ಮೊರಟೋರಿಯಂ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಬಡ್ಡಿ ಸಹಾಯಧನ ಯೋಜನೆ ಇದೆ. ಇದರ ಕ್ಲೇಮ್‌ಗಳನ್ನು ನೋಡಿಕೊಳ್ಳುವ ನೋಡಲ್ ಬ್ಯಾಂಕ್ ಕೆನರಾ ಬ್ಯಾಂಕ್. ನಿಮ್ಮ ಸಾಲ ಯಾವ ಬ್ಯಾಂಕಿನದಾದರೂ ಆ ಬ್ಯಾಂಕೇ ನಿಮ್ಮ ಪರವಾಗಿ ಕ್ಲೇಮ್ ಸಲ್ಲಿಸಬೇಕು. ನಾಡಕಚೇರಿಯಿಂದ ತಂದ ಆದಾಯ ಪ್ರಮಾಣಪತ್ರ ಸಾಲದ ಕಡತದಲ್ಲಿ ಇಲ್ಲದಿದ್ದರೆ ಕ್ಲೇಮ್ ಅಲ್ಲಿಗೇ ನಿಂತಿರುತ್ತದೆ. ಮಳೆಯಾಶ್ರಿತ ಜಮೀನನ್ನೇ ನಂಬಿರುವ ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರು ಭಾಗದ ಎಷ್ಟೋ ಕುಟುಂಬಗಳು ಈ ಆದಾಯ ಮಿತಿಯೊಳಗೇ ಬರುತ್ತವೆ. ಸ್ಟೇಟ್‌ಮೆಂಟ್‌ನಲ್ಲಿ ಸಹಾಯಧನದ ಜಮಾ ಕಾಣದಿದ್ದರೆ ಶಾಖೆಗೆ ಬರಹದಲ್ಲಿ ಕೇಳಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡ ಪ್ರತಿಯನ್ನು ಇಟ್ಟುಕೊಳ್ಳಿ. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸಮಾಧಾನಕರವಾಗಿರದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್ ಮೂಲಕ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.

ಮನೆಯಲ್ಲಿ ಇನ್ನೂ ಓದುತ್ತಿರುವ ತಮ್ಮನೋ ತಂಗಿಯೋ ಇದ್ದರೆ ಇನ್ನೆರಡು ವಿಷಯಗಳು ನೆನಪಿರಲಿ. 2024ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಗುರುತಿಸಲಾದ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸೇರುವ, 8 ಲಕ್ಷದವರೆಗೆ ಕುಟುಂಬದ ಆದಾಯವಿರುವ ವಿದ್ಯಾರ್ಥಿಗಳಿಗೆ 10 ಲಕ್ಷದವರೆಗಿನ ಸಾಲದ ಮೇಲೆ ಶೇ 3ರ ಬಡ್ಡಿ ರಿಯಾಯಿತಿ ಇದೆ. ರಾಜ್ಯದ ಹಿಂದುಳಿದ ವರ್ಗಗಳ ಮತ್ತು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳ ‘ಅರಿವು’ ಸಾಲದ ದರ ಶೇ 2 ಮಾತ್ರ. ಅದು ಸಿಗುವಷ್ಟನ್ನು ಮೊದಲು ಪಡೆದು, ಕೊರತೆಗೆ ಮಾತ್ರ ಬ್ಯಾಂಕಿಗೆ ಹೋಗುವುದು ಜಾಣತನ.

ಹೆಜ್ಜೆ 4: ಅವಧಿಯನ್ನು ಉದ್ದವಾಗಿಡಿ, ಕಂತಿನ ದಿನವನ್ನು ನೀವೇ ಆರಿಸಿ

ಕಂತು ನಿಗದಿಯಾಗುವ ಮುನ್ನ ಶಾಖೆಯಲ್ಲಿ ಅವಧಿಯ ಬಗ್ಗೆ ಮಾತನಾಡಲು ಸಾಧ್ಯವಿದೆ. ಮೇಲಿನ 8.1 ಲಕ್ಷಕ್ಕೆ ಏಳು ವರ್ಷಗಳಾದರೆ ಕಂತು ಸುಮಾರು 13,450, ಹತ್ತು ವರ್ಷಗಳಾದರೆ 10,700, ಹದಿನೈದು ವರ್ಷಗಳಾದರೆ 8,700. ಹದಿನೈದು ವರ್ಷ ಪೂರ್ತಿ ಕಟ್ಟಿದರೆ ಒಟ್ಟು ಬಡ್ಡಿ ಏಳೂವರೆ ಲಕ್ಷ ದಾಟುತ್ತದೆ, ಹತ್ತು ವರ್ಷಗಳಲ್ಲಿ ಅದು ಸುಮಾರು 4.75 ಲಕ್ಷ. ಈ ಅಂಕಿಗಳನ್ನು ನೋಡಿದ ಹಿರಿಯರು ಸಹಜವಾಗಿಯೇ ಕಡಿಮೆ ಅವಧಿಯನ್ನು ಆರಿಸುತ್ತಾರೆ. ನನ್ನ ಸಲಹೆ ಇದಕ್ಕೆ ವಿರುದ್ಧವಾದದ್ದು: ಅವಧಿ ಉದ್ದವಾಗಿರಲಿ, ಕೈಗೆ ಹಣ ಬಂದಾಗ ಹೆಚ್ಚು ಕಟ್ಟಿ.

ಕಾರಣ ಸರಳವಾಗಿದೆ. ಶಿಕ್ಷಣ ಸಾಲವೂ ಸೇರಿದಂತೆ ಬದಲಾಗುವ ಬಡ್ಡಿ ದರದ ವೈಯಕ್ತಿಕ ಸಾಲಗಳನ್ನು ಅವಧಿಗೆ ಮುನ್ನ ಕಟ್ಟಿದರೆ ಬ್ಯಾಂಕುಗಳು ದಂಡ ವಿಧಿಸುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಹಾಗಾಗಿ 15 ವರ್ಷಗಳ ಸಾಲಕ್ಕೆ ತಿಂಗಳಿಗೆ 8,700ರ ಬದಲು 10,700 ಕಟ್ಟುತ್ತಾ ಹೋದರೆ ಸಾಲ ಹತ್ತೇ ವರ್ಷಗಳಲ್ಲಿ ತೀರುತ್ತದೆ, ಬಡ್ಡಿಯೂ ಹತ್ತು ವರ್ಷಗಳ ಸಾಲದಷ್ಟೇ ಆಗುತ್ತದೆ. ವ್ಯತ್ಯಾಸವಿರುವುದು ಕೆಲಸ ಬದಲಿಸಿದ ತಿಂಗಳಲ್ಲಿ, ಮನೆಯಲ್ಲಿ ಆಸ್ಪತ್ರೆ ಖರ್ಚು ಬಂದ ತಿಂಗಳಲ್ಲಿ: ಆಗ ನೀವು 8,700ಕ್ಕೆ ಇಳಿದರೂ ಸುಸ್ತಿದಾರರಾಗುವುದಿಲ್ಲ. ಹೆಚ್ಚುವರಿ ಹಣ ಕಟ್ಟುವಾಗ ಅದನ್ನು ಮುಂದಿನ ಕಂತಿನ ಮುಂಗಡವೆಂದು ಪರಿಗಣಿಸದೆ ಅಸಲಿಗೆ ಜಮಾ ಮಾಡಿ ಅವಧಿ ಕಡಿಮೆ ಮಾಡಬೇಕೆಂದು ಬರೆದು ಕೊಡಿ. ಕೆಲವು ಬ್ಯಾಂಕುಗಳಲ್ಲಿ ಮೊದಲ ವರ್ಷಗಳಲ್ಲಿ ಕಂತು ಚಿಕ್ಕದಾಗಿದ್ದು, ಸಂಬಳ ಏರಿದಂತೆ ಅದೂ ಏರುವ ವ್ಯವಸ್ಥೆಯೂ ಇದೆ. ಕೇಳಿ ನೋಡಲು ಅಡ್ಡಿಯಿಲ್ಲ.

ಕಂತಿನ ದಿನಾಂಕ ಸಣ್ಣ ವಿಷಯವೆಂದು ತೋರಬಹುದು. ಸಂಬಳ 7ಕ್ಕೆ ಬರುವ ಕಂಪನಿಯಲ್ಲಿ ಕೆಲಸ ಮಾಡುತ್ತಾ ಕಂತನ್ನು 5ನೇ ತಾರೀಖಿಗೆ ಇಟ್ಟುಕೊಂಡರೆ, ಹಣವಿದ್ದೂ ಪ್ರತಿ ತಿಂಗಳು ಎರಡು ದಿನ ಸುಸ್ತಿಯಾಗುತ್ತದೆ. ಸ್ವಯಂಚಾಲಿತ ಕಡಿತ ವಾಪಸಾದರೆ ಸಾಲ ಕೊಟ್ಟ ಬ್ಯಾಂಕೂ ಸಂಬಳದ ಬ್ಯಾಂಕೂ ಶುಲ್ಕ ಹಾಕಬಹುದು. ಕಂತನ್ನು 10ನೇ ತಾರೀಖಿಗೆ ಬದಲಿಸಿಕೊಡಿ ಎಂದು ಒಂದು ಅರ್ಜಿ ಕೊಟ್ಟರೆ ಮುಗಿಯುವ ಕೆಲಸ ಇದು.

ಹೆಜ್ಜೆ 5: ಮನೆಯ ಎಲ್ಲ ಸಾಲಗಳನ್ನು ಒಂದೇ ಹಾಳೆಯಲ್ಲಿ ಬರೆಯಿರಿ

ಮಾರ್ಗದರ್ಶನ ಕೊಡುವವರು ಸಾಮಾನ್ಯವಾಗಿ ಬ್ಯಾಂಕಿನ ಸಾಲವೊಂದನ್ನೇ ಮುಂದಿಟ್ಟುಕೊಂಡು ಮಾತನಾಡುತ್ತಾರೆ. ನಮ್ಮ ಭಾಗದ ಮನೆಗಳಲ್ಲಿ ಓದಿಗೆಂದು ಆದ ಸಾಲ ಅದೊಂದೇ ಅಲ್ಲ. ಹಾಸ್ಟೆಲ್ ಖರ್ಚಿಗೆ ತಾಯಿಯ ಸರ ಅಡವಿಟ್ಟಿರುತ್ತದೆ, ಸ್ವಸಹಾಯ ಸಂಘದಲ್ಲಿ ಒಂದು ವಾರದ ಕಂತಿರುತ್ತದೆ, ಮೆಕ್ಕೆಜೋಳವನ್ನೋ ಅಡಿಕೆಯನ್ನೋ ಒಯ್ಯುವ ಮಂಡಿಯಲ್ಲಿ ಮುಂಗಡ ತಂದಿರುತ್ತಾರೆ, ಊರಿನಲ್ಲೇ ಯಾರಿಂದಲೋ ನೂರಕ್ಕೆ ಎರಡು ರೂಪಾಯಿಯಂತೆ ಕೈಸಾಲ ಪಡೆದಿರುತ್ತಾರೆ. ಮಕ್ಕಳಿಗೆ ಇದನ್ನೆಲ್ಲ ಹೇಳಿ ಮನಸ್ಸು ಕೆಡಿಸುವುದೇಕೆಂದು ತಂದೆ ತಾಯಿ ಸುಮ್ಮನಿರುತ್ತಾರೆ.

ಆದ್ದರಿಂದ ಮೊದಲ ಸಂಬಳ ಬಂದ ಮೇಲೆ ಊರಿಗೆ ಹೋದಾಗ, ಸೀರೆ ಶರಟುಗಳನ್ನು ಕೊಟ್ಟಾದ ಮೇಲೆ, ನೇರವಾಗಿ ಕೇಳಿ: “ಅಪ್ಪಾಜಿ, ನನ್ನ ಓದಿಗೆ ಅಂತ ಯಾರ್ಯಾರ ಹತ್ರ ಎಷ್ಟೆಷ್ಟು ತಂದಿದೀರಿ, ಎಷ್ಟು ಬಡ್ಡಿಗೆ?” ಉತ್ತರ ಮೊದಲ ಸಲಕ್ಕೇ ಬರುವುದಿಲ್ಲ, “ಅದೆಲ್ಲ ನಿನಗ್ಯಾಕೆ, ನೀನು ನಿನ್ನ ಕಂತು ನೋಡ್ಕೋ” ಎನ್ನುತ್ತಾರೆ. ಆಗ ನಿಮ್ಮ ಬ್ಯಾಂಕಿನ ಸ್ಟೇಟ್‌ಮೆಂಟ್ ಅವರ ಮುಂದಿಡಿ. ಬಡ್ಡಿ ದರಗಳನ್ನು ಪಕ್ಕಪಕ್ಕದಲ್ಲಿ ಬರೆದಾಗ ಮಾತು ಮುಂದುವರಿಯುತ್ತದೆ. ನೂರಕ್ಕೆ ಎರಡು ರೂಪಾಯಿ ಎಂದರೆ ತಿಂಗಳ ಬಡ್ಡಿ. ವರ್ಷಕ್ಕೆ ಶೇ 24. ಒಂದು ಲಕ್ಷ ಕೈಸಾಲಕ್ಕೆ ವರ್ಷಕ್ಕೆ 24,000 ಬಡ್ಡಿ ಹೋಗುತ್ತಿರುವಾಗ, ಅಷ್ಟೇ ಮೊತ್ತದ ಬ್ಯಾಂಕ್ ಸಾಲಕ್ಕೆ ಹೋಗುವುದು 10,000. ಹೀಗಿರುವಾಗ ಬ್ಯಾಂಕಿಗೆ ಹೆಚ್ಚುವರಿ ಹಣ ಕಟ್ಟಿ ಕೈಸಾಲವನ್ನು ಹಾಗೇ ಬಿಡುವುದು ಲೆಕ್ಕಕ್ಕೆ ಒಪ್ಪುವ ಮಾತಲ್ಲ.

ಕೈಸಾಲ ಕೊಟ್ಟವರು ಅಸಲನ್ನು ಚೂರುಪಾರಾಗಿ ತೆಗೆದುಕೊಳ್ಳದೆ ಇಡಿಯಾಗಿ ಕೇಳುವುದೇ ಹೆಚ್ಚು. ಹೀಗಾಗಿ ನಿಮ್ಮ ಉಳಿತಾಯವನ್ನು ತಿಂಗಳಿಗೆ ಇಷ್ಟೆಂದು ಬ್ಯಾಂಕಿನ ಆರ್‌ಡಿಯಲ್ಲಿ ಕೂಡಿಡಿ. ಮೆಕ್ಕೆಜೋಳದ ಕೊಯ್ಲಾಗಿ ಮಾರುಕಟ್ಟೆಯ ಹಣ ಬಂದಾಗ, ಅಡಿಕೆ ಮಾರಿದಾಗ, ಎರಡನ್ನೂ ಸೇರಿಸಿ ಒಂದೇ ಸಲ ಅಸಲು ತೀರಿಸಿ, ಬರೆದುಕೊಟ್ಟಿದ್ದ ಪ್ರೋನೋಟನ್ನು ವಾಪಸು ಪಡೆಯಿರಿ. ಆರ್‌ಡಿಯ ಬದಲು ಊರಿನ ಚೀಟಿಗೆ ಹಾಕಬಹುದೇ ಎಂದು ಕೇಳುವವರಿದ್ದಾರೆ. ನೋಂದಣಿಯಾಗದ ಚೀಟಿಗೆ ಬೇಡ. ನಡೆಸುವವರು ಎಷ್ಟೇ ಪರಿಚಿತರಾಗಿದ್ದರೂ ಬೇಡ.

ಇನ್ನೊಂದು ಸಂಗತಿಯನ್ನು ತಂದೆಗೂ ತಿಳಿಸಬೇಕು. ಅವರು ಸಹ-ಸಾಲಗಾರರಾಗಿರುವುದರಿಂದ ನಿಮ್ಮ ಕಂತು ತಪ್ಪಿದರೆ ಅದು ಅವರ ಸಾಲದ ಇತಿಹಾಸದಲ್ಲೂ ದಾಖಲಾಗುತ್ತದೆ. ಮುಂದಿನ ಬೆಳೆ ಸಾಲ, ಟ್ರ್ಯಾಕ್ಟರ್ ಸಾಲ, ಹನಿ ನೀರಾವರಿಗೆಂದು ಕೇಳುವ ಸಾಲ ಎಲ್ಲಕ್ಕೂ ಬ್ಯಾಂಕು ಮೊದಲು ನೋಡುವುದು ಆ ದಾಖಲೆಯನ್ನೇ. ಚುನಾವಣೆ ಬಂದಾಗಲೆಲ್ಲ ಶಿಕ್ಷಣ ಸಾಲವೂ ಮನ್ನಾ ಆಗುತ್ತದೆಂಬ ಮಾತು ಹರಡುತ್ತದೆ. 2008ರ ಕೇಂದ್ರದ ಮನ್ನಾ ಆಗಲಿ 2018ರ ರಾಜ್ಯದ ಮನ್ನಾ ಆಗಲಿ ಕೃಷಿ ಸಾಲಕ್ಕೆ ಸಂಬಂಧಿಸಿದವು, ಶಿಕ್ಷಣ ಸಾಲಕ್ಕಲ್ಲ. ಆ ಮಾತನ್ನು ನಂಬಿ ಕಂತು ನಿಲ್ಲಿಸಿದವರು ದಂಡ ಕಟ್ಟಿದ್ದಷ್ಟೇ ಬಂತು.

ಹೆಜ್ಜೆ 6: ಕೈಗೆ ಬರುವ ಸಂಬಳ ನೋಡಿ ಕೆಲಸ ಆರಿಸಿ

ವರ್ಷಕ್ಕೆ 3.6 ಲಕ್ಷದ ಪ್ಯಾಕೇಜ್ ಎಂದ ತಕ್ಷಣ ತಿಂಗಳಿಗೆ ಮೂವತ್ತು ಸಾವಿರ ಎಂದು ಮನೆಯಲ್ಲಿ ಲೆಕ್ಕ ಹಾಕಿಬಿಡುತ್ತಾರೆ. ಮಂಡಿಯಲ್ಲಿ ಮೆಕ್ಕೆಜೋಳದ ತೂಕಕ್ಕೆ ತೇವಾಂಶ ಕಳೆಯುವಂತೆ ಇದರಲ್ಲೂ ಕಳೆಯುವುದಿದೆ. ಮೂಲ ವೇತನ 15,000 ಎಂದುಕೊಂಡರೆ ಕಂಪನಿ ಕಟ್ಟುವ ಭವಿಷ್ಯ ನಿಧಿಯ 1,800 ಮತ್ತು ಗ್ರಾಚ್ಯುಟಿಯ ಸುಮಾರು 720 ಆ ಮೂವತ್ತರೊಳಗೇ ಸೇರಿರುತ್ತವೆ. ನಿಮ್ಮ ಪಾಲಿನ ಭವಿಷ್ಯ ನಿಧಿ 1,800 ಮತ್ತು ಕರ್ನಾಟಕದ ವೃತ್ತಿ ತೆರಿಗೆ 200 ಸಂಬಳದಿಂದ ಕಡಿತವಾಗುತ್ತವೆ. ಕೈಗೆ ಬರುವುದು ಸುಮಾರು 25,500. ವಿಮೆಯ ಕಡಿತವಿದ್ದರೆ ಇನ್ನೂ ಕಡಿಮೆ.

ಈಗ ಬೆಂಗಳೂರಿನ ಈ ಕೆಲಸವನ್ನು ದಾವಣಗೆರೆಯಲ್ಲೇ ಕೈಗೆ 15,000 ಕೊಡುವ ಕೆಲಸದ ಜೊತೆ ಹೋಲಿಸಿ. ಬೆಂಗಳೂರಿನಲ್ಲಿ ಪಿಜಿ ಮತ್ತು ಊಟಕ್ಕೆ 9,500, ಓಡಾಟ, ಫೋನ್, ಬಟ್ಟೆಬರೆಗೆ 4,000, ಕಂತಿಗೆ 8,700 ಹೋದರೆ ಉಳಿಯುವುದು 3,300. ಊರಲ್ಲಿ ಮನೆಗೆ 2,000 ಕೊಟ್ಟು, ಪೆಟ್ರೋಲು ಫೋನಿಗೆ 2,500 ತೆಗೆದು, ಅದೇ ಕಂತು ಕಟ್ಟಿದರೆ 1,800 ಉಳಿಯುತ್ತದೆ. ನಿಮ್ಮ ಅಂಕಿಗಳು ಬೇರೆ ಇರಬಹುದು, ಆದರೆ ಈ ಎರಡರ ನಡುವಿನ ಅಂತರ ಕೇಳಿದಾಗ ಅನ್ನಿಸಿದಷ್ಟು ದೊಡ್ಡದಲ್ಲ. ಆದ್ದರಿಂದ ಮೊದಲ ವರ್ಷದ ಉಳಿತಾಯವನ್ನು ನೋಡಿ ಊರು ಬಿಡುವ ಅಥವಾ ಉಳಿಯುವ ತೀರ್ಮಾನ ಮಾಡಬಾರದು. ಅದೇ ಕೆಲಸ ಮೂರನೆಯ ವರ್ಷ ಎಷ್ಟು ಸಂಬಳಕ್ಕೆ ದಾರಿ ಮಾಡಿಕೊಡುತ್ತದೆ ಎಂಬುದನ್ನು ನೋಡಬೇಕು. ಸಾಫ್ಟ್‌ವೇರ್, ಎಲೆಕ್ಟ್ರಾನಿಕ್ಸ್ ವಿನ್ಯಾಸದಂತಹ ಕ್ಷೇತ್ರಗಳಲ್ಲಿ ಬೆಂಗಳೂರಿನ ಎರಡು ವರ್ಷಗಳ ಅನುಭವಕ್ಕೆ ಸಿಗುವ ಬೆಲೆ ಊರಿನಲ್ಲಿ ಸಿಗುವುದು ಕಷ್ಟ. ನರ್ಸಿಂಗ್, ಲ್ಯಾಬ್ ತಂತ್ರಜ್ಞಾನ, ಫಾರ್ಮಸಿ ಓದಿದವರ ವಿಷಯ ಬೇರೆ: ಎರಡು ವೈದ್ಯಕೀಯ ಕಾಲೇಜುಗಳು ಮತ್ತು ಹಲವಾರು ಆಸ್ಪತ್ರೆಗಳಿರುವ ದಾವಣಗೆರೆಯಲ್ಲೇ ಆರಂಭದ ಅನುಭವ ಚೆನ್ನಾಗಿ ಸಿಗುತ್ತದೆ, ಖರ್ಚೂ ಕಡಿಮೆ. ಬಿಕಾಂ ಮುಗಿಸಿ ಆಡಿಟರ್ ಕಚೇರಿಯಲ್ಲಿ ಜಿಎಸ್‌ಟಿ ರಿಟರ್ನ್ಸ್ ಕಲಿತವರಿಗೂ ಇದೇ ಮಾತು ಹೊಂದುತ್ತದೆ.

ಕಂತಿನ ಹೆದರಿಕೆಯಿಂದ ಮೊದಲು ಬಂದ ಕೆಲಸಕ್ಕೆ ಕಣ್ಣುಮುಚ್ಚಿ ಸೇರುವುದು ದೊಡ್ಡ ಅಪಾಯ. ಎರಡು ಮೂರು ವರ್ಷಗಳ ಬಾಂಡ್ ಬರೆಸಿಕೊಂಡು ಎಸ್‌ಎಸ್‌ಎಲ್‌ಸಿ, ಪಿಯುಸಿ, ಪದವಿಯ ಮೂಲ ಅಂಕಪಟ್ಟಿಗಳನ್ನು ತಮ್ಮ ಬಳಿ ಇಟ್ಟುಕೊಳ್ಳುವ ಕಂಪನಿಗಳಿವೆ. ಮೂಲ ಪ್ರತಿಗಳನ್ನು ಪರಿಶೀಲನೆಗೆ ತೋರಿಸಿ, ನಕಲು ಕೊಟ್ಟು, ಮೂಲವನ್ನು ವಾಪಸು ತನ್ನಿ. ಅದಕ್ಕೆ ಒಪ್ಪದ ಕಡೆ ಸೇರದಿರುವುದೇ ಲೇಸು.

ಹೆಜ್ಜೆ 7: ವೃತ್ತಿಗಾಗಿ ಹಣವಿಡಿ, ಆದರೆ ಹೊಸ ಸಾಲ ಮಾಡಿ ಅಲ್ಲ

ಕೈಸಾಲ ತೀರುತ್ತಾ ಬಂದಂತೆ, ಮೊದಲು ಮೂರು ಕಂತುಗಳಷ್ಟು ಹಣವನ್ನು ಪ್ರತ್ಯೇಕ ಖಾತೆಯಲ್ಲಿಡಿ. ಅದು ಕೆಲಸ ಹೋದ ದಿನಕ್ಕೆ. ನಂತರ ತಿಂಗಳ ಉಳಿತಾಯದ ಒಂದು ಪಾಲನ್ನು ಕಲಿಕೆಗೆ ಮೀಸಲಿಡಿ. 8.1 ಲಕ್ಷದ ಸಾಲಕ್ಕೆ ಒಂದು ವರ್ಷ 20,000 ಹೆಚ್ಚುವರಿಯಾಗಿ ಕಟ್ಟಿದರೆ ಮುಂದಿನ ವರ್ಷಕ್ಕೆ ಉಳಿಯುವ ಬಡ್ಡಿ 2,000 ರೂಪಾಯಿ. ಅದೇ 20,000ದಲ್ಲಿ ನಿಮ್ಮ ಕ್ಷೇತ್ರದಲ್ಲಿ ಮಾನ್ಯತೆಯಿರುವ ಒಂದು ಪ್ರಮಾಣಪತ್ರ ಪಡೆದು ಸಂಬಳ ತಿಂಗಳಿಗೆ ಎರಡು ಸಾವಿರ ಏರಿದರೆ ವರ್ಷಕ್ಕೆ 24,000. ಪ್ರತಿ ಕೋರ್ಸೂ ಸಂಬಳ ಏರಿಸುವುದಿಲ್ಲ ಎಂಬುದು ನಿಜ; ಆದ್ದರಿಂದಲೇ ನೀವು ಸೇರಬೇಕೆಂದಿರುವ ಹುದ್ದೆಗಳ ಜಾಹೀರಾತುಗಳಲ್ಲಿ ಏನು ಕೇಳುತ್ತಿದ್ದಾರೆಂದು ನೋಡಿ, ಆ ಕೆಲಸದಲ್ಲಿರುವ ಸೀನಿಯರ್‌ಗಳನ್ನು ವಿಚಾರಿಸಿ, ಆಮೇಲೆ ಹಣ ಕಟ್ಟಿ. ಇಂಗ್ಲಿಷ್ ಮಾತಿನ ಅಭ್ಯಾಸ ನಮ್ಮ ಕಡೆಯ ಕನ್ನಡ ಮಾಧ್ಯಮದ ಹುಡುಗರಿಗೆ ಎಲ್ಲಕ್ಕಿಂತ ಮೊದಲು ಫಲ ಕೊಡುವ ಹೂಡಿಕೆ, ಅದಕ್ಕೆ ದೊಡ್ಡ ಹಣವೂ ಬೇಕಾಗಿಲ್ಲ.

ಕೆಲಸ ಖಚಿತವೆಂದು ಹೇಳಿ, ಶುಲ್ಕವನ್ನು ಹಣಕಾಸು ಕಂಪನಿಯ ಕಂತಿಗೆ ಜೋಡಿಸಿಕೊಡುವ ತರಬೇತಿ ಕೇಂದ್ರಗಳಿಂದ ದೂರವಿರಿ. ಅಲ್ಲಿ ಸಹಿ ಹಾಕಿದ ಕ್ಷಣ ಶಿಕ್ಷಣ ಸಾಲದ ಮೇಲೆ ಇನ್ನೊಂದು ಸಾಲ ಬೀಳುತ್ತದೆ. ತರಗತಿ ನಿಂತರೂ ಆ ಕಂತು ನಿಲ್ಲುವುದಿಲ್ಲ. ಹಿಂಬಾಗಿಲಿನಿಂದ ಕೆಲಸ ಕೊಡಿಸುತ್ತೇನೆಂದು ಲಕ್ಷ ಎರಡು ಲಕ್ಷ ಕೇಳುವವರ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ಹೆಜ್ಜೆ 8: ಕೆಲಸ ಸಿಗದಿದ್ದರೆ ಬ್ಯಾಂಕಿಗೆ ಮೊದಲೇ ಹೋಗಿ

ಮೊರಟೋರಿಯಂ ಮುಗಿಯುತ್ತಾ ಬಂದರೂ ಕೆಲಸವಿಲ್ಲದಿದ್ದರೆ, ಶಾಖೆಯ ಮುಂದೆ ಹಾದುಹೋಗುವುದನ್ನೇ ತಪ್ಪಿಸುವ ಬದಲು ಒಳಗೆ ಹೋಗಿ ಅರ್ಜಿ ಕೊಡಿ. ಸಾಲದ ಅವಧಿಯಲ್ಲಿ ನಿರುದ್ಯೋಗ ಅಥವಾ ಅರೆ ಉದ್ಯೋಗದ ಸಂದರ್ಭದಲ್ಲಿ ಎರಡು ಮೂರು ಬಾರಿ ಮತ್ತೆ ಮೊರಟೋರಿಯಂ ಕೊಡಲು ಮಾದರಿ ಯೋಜನೆಯಲ್ಲೇ ಅವಕಾಶವಿದೆ. ಈ ಮನವಿಗೆ ಬೆಲೆ ಇರುವುದು ಖಾತೆ ಇನ್ನೂ ಸರಿಯಾಗಿರುವಾಗ. ಬಾಕಿ 90 ದಿನ ದಾಟಿದರೆ ಖಾತೆ ಎನ್‌ಪಿಎ (ವಸೂಲಾಗದ ಸಾಲ) ಎಂದು ವರ್ಗೀಕರಣವಾಗುತ್ತದೆ. ಆಮೇಲೆ ಮ್ಯಾನೇಜರ್ ಮನಸ್ಸು ಮಾಡಿದರೂ ಅವರ ಕೈಯಲ್ಲಿರುವುದು ಕಡಿಮೆ.

ಪದವಿ ಮುಗಿದು 180 ದಿನ ಕಳೆದರೂ ಕೆಲಸ ಸಿಗದ, ಮುಂದೆ ಓದುತ್ತಲೂ ಇಲ್ಲದ ಪದವೀಧರರಿಗೆ ರಾಜ್ಯದ ಯುವನಿಧಿ ಯೋಜನೆಯಲ್ಲಿ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿ ಗರಿಷ್ಠ ಎರಡು ವರ್ಷಗಳವರೆಗೆ ಸಿಗುತ್ತದೆ. ಸೇವಾಸಿಂಧು ಮೂಲಕ ಅರ್ಜಿ ಹಾಕಿ, ಬರುವ ಹಣವನ್ನು ಬಡ್ಡಿಗೆ ಜಮಾ ಮಾಡಿ. ಡಿಪ್ಲೊಮಾ, ಇಂಜಿನಿಯರಿಂಗ್ ಆದವರು ರಾಷ್ಟ್ರೀಯ ಅಪ್ರೆಂಟಿಸ್ ತರಬೇತಿ ಯೋಜನೆಯ ಒಂದು ವರ್ಷದ ತರಬೇತಿಯನ್ನು ಕೀಳಾಗಿ ಕಾಣಬಾರದು. ಸ್ಟೈಪೆಂಡ್ ಕಡಿಮೆ, ಆದರೆ ಮುಂದಿನ ಸಂದರ್ಶನದಲ್ಲಿ ತೋರಿಸಲು ಒಂದು ವರ್ಷದ ಅನುಭವವಿರುತ್ತದೆ.

ಸರ್ಕಾರಿ ಹುದ್ದೆಯ ಪರೀಕ್ಷೆಗಳಿಗೆ ತಯಾರಾಗುವವರ ಕಥೆ ಹೆಚ್ಚು ಸೂಕ್ಷ್ಮವಾದದ್ದು. ಅಧಿಸೂಚನೆ, ಪರೀಕ್ಷೆ, ಫಲಿತಾಂಶ, ಕೋರ್ಟು ಎನ್ನುತ್ತಾ ವರ್ಷಗಳು ಹೋಗುತ್ತವೆ, ಬಡ್ಡಿ ಮಾತ್ರ ಯಾವ ತಡೆಯಾಜ್ಞೆಗೂ ನಿಲ್ಲುವುದಿಲ್ಲ. ಧಾರವಾಡದಲ್ಲೋ ಬೆಂಗಳೂರಿನಲ್ಲೋ ಕೋಣೆ ಮಾಡಿ ಪೂರ್ಣಾವಧಿ ಓದಲು ಮೊರಟೋರಿಯಂನ ಒಂದು ವರ್ಷವನ್ನು ಬಳಸಿ. ಅದು ಮುಗಿದ ಮೇಲೆ ಕಂತಿನಷ್ಟಾದರೂ ದುಡಿಯುವ ಕೆಲಸ ಹಿಡಿದು ಓದನ್ನು ಮುಂದುವರಿಸಿ. ಬ್ಯಾಂಕ್ ಹುದ್ದೆಗಳನ್ನೇ ಗುರಿಯಾಗಿಸಿಕೊಂಡವರು ನೇಮಕಾತಿಯ ಷರತ್ತುಗಳನ್ನು ಓದಬೇಕು. ಸಾಲ ಮರುಪಾವತಿಯಲ್ಲಿ ಸುಸ್ತಿದಾರರಾದವರು ನೇಮಕಾತಿಗೆ ಅರ್ಹರಲ್ಲ ಎಂದು ಸ್ಟೇಟ್ ಬ್ಯಾಂಕಿನ ಅಧಿಸೂಚನೆಗಳಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ. ಶಿಕ್ಷಣ ಸಾಲದ ಸುಸ್ತಿಯೂ ಅದರಲ್ಲಿ ಸೇರುತ್ತದೆ.

ಹೆಜ್ಜೆ 9: ತೆರಿಗೆ ವಿನಾಯಿತಿಯ ಆಸೆಗೆ ಸಾಲ ಉಳಿಸಿಕೊಳ್ಳಬೇಡಿ

80ಇ ಎಂದು ಪರಿಚಿತವಾಗಿರುವ ವಿನಾಯಿತಿಯಲ್ಲಿ ಶಿಕ್ಷಣ ಸಾಲದ ಬಡ್ಡಿಯನ್ನು, ಅಸಲನ್ನಲ್ಲ, ಮರುಪಾವತಿ ಆರಂಭವಾದ ವರ್ಷದಿಂದ ಎಂಟು ವರ್ಷಗಳವರೆಗೆ ಆದಾಯದಿಂದ ಕಳೆಯಬಹುದು. ಇದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. 2025–26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿಯ ಮೂಲಕ ತೆರಿಗೆಯೇ ಇಲ್ಲವಾದ್ದರಿಂದ, ವೃತ್ತಿಯ ಆರಂಭದಲ್ಲಿರುವ ಬಹುಪಾಲು ಮಂದಿಗೆ ಈ ವಿನಾಯಿತಿಯಿಂದ ಆಗುವ ಲಾಭ ಶೂನ್ಯ.

ಹೆಜ್ಜೆ 10: ಮೂರನೆಯ ವರ್ಷದಿಂದ ಅಸಲಿಗೆ ಕೈ ಹಾಕಿ, ಮುಗಿದ ಮೇಲೆ ಕಾಗದ ಪಡೆಯಿರಿ

ಕೈಸಾಲ ತೀರಿ, ಮೂರು ಕಂತಿನ ಹಣ ಬದಿಗಿದ್ದು, ಸಂಬಳ ಒಂದು ಮಟ್ಟಕ್ಕೆ ಬಂದ ಮೇಲೆ ಬ್ಯಾಂಕಿನ ಅಸಲನ್ನು ವೇಗವಾಗಿ ಇಳಿಸುವ ಕಾಲ ಬರುತ್ತದೆ. ಪ್ರತಿ ಸಲ ಸಂಬಳ ಹೆಚ್ಚಾದಾಗ ಹೆಚ್ಚಳದ ಅರ್ಧವನ್ನು ಕಂತಿಗೆ ಸೇರಿಸಿ. ಬೋನಸ್ ಬಂದರೆ ಅದರಿಂದಲೂ ಒಂದಿಷ್ಟು ಹೋಗಲಿ. ಬಡ್ಡಿ ದರ ಬದಲಾದಾಗ ಕಂತು ಏರಿಸಬೇಕೇ ಅವಧಿ ವಿಸ್ತರಿಸಬೇಕೇ ಎಂಬ ಆಯ್ಕೆಯನ್ನು ಸಾಲಗಾರನಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಸೂಚಿಸಿದೆ. ಬ್ಯಾಂಕಿನ ಸಂದೇಶವನ್ನು ಓದದೆ ಬಿಟ್ಟರೆ ಅವಧಿ ಉದ್ದವಾಗುತ್ತಾ ಹೋಗಬಹುದು.

ಕೊನೆಯ ಕಂತಿನ ನಂತರ ಬಾಕಿ ಇಲ್ಲವೆಂಬ ಪ್ರಮಾಣಪತ್ರ ಪಡೆದು, ಸ್ವಯಂಚಾಲಿತ ಕಡಿತದ ಆದೇಶವನ್ನು ರದ್ದುಪಡಿಸಿ. ಏಳೂವರೆ ಲಕ್ಷ ಮೀರಿದ ಸಾಲಕ್ಕೆ ಮನೆಯನ್ನೋ ನಿವೇಶನವನ್ನೋ ಅಡಮಾನ ಮಾಡಿದ್ದರೆ, ಸಾಲ ಪೂರ್ಣ ತೀರಿದ 30 ದಿನಗಳೊಳಗೆ ಬ್ಯಾಂಕು ಮೂಲ ಪತ್ರಗಳನ್ನು ಹಿಂದಿರುಗಿಸಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು. ಪತ್ರಗಳು ಕೈಸೇರಿದ ಮೇಲೆ ಉಪನೋಂದಣಾಧಿಕಾರಿ ಕಚೇರಿಯಿಂದ ಋಣಭಾರ ಪ್ರಮಾಣಪತ್ರ ತೆಗೆಸಿ, ಅಡಮಾನ ನೋಂದಣಿಯಾಗಿದ್ದರೆ ಅದು ಬಿಡುಗಡೆಯಾಗಿದೆಯೇ ಎಂದು ನೋಡಿ. ಒಂದೆರಡು ತಿಂಗಳ ನಂತರ ನಿಮ್ಮ ಮತ್ತು ನಿಮ್ಮ ತಂದೆಯ ಸಾಲದ ವರದಿಗಳನ್ನು, ಸಾಲಗಾರರ ಮರುಪಾವತಿಯ ಇತಿಹಾಸ ದಾಖಲಿಸುವ ಸಂಸ್ಥೆಯಾದ ಸಿಬಿಲ್‌ನಿಂದ ಪಡೆಯಿರಿ. ವರ್ಷಕ್ಕೊಂದು ವರದಿ ಉಚಿತ. ಎರಡರಲ್ಲೂ ಆ ಖಾತೆಯ ಮುಂದೆ ‘ಮುಕ್ತಾಯ’ ಎಂದು ಬಂದಿರಬೇಕು. ಬಾರದಿದ್ದರೆ ಬಾಕಿ ಇಲ್ಲವೆಂಬ ಪ್ರಮಾಣಪತ್ರದ ಪ್ರತಿ ಲಗತ್ತಿಸಿ ತಿದ್ದುಪಡಿ ಕೇಳಿ, ತಂದೆಯವರ ಮುಂದಿನ ಬೆಳೆ ಸಾಲದ ನವೀಕರಣಕ್ಕೆ ಮೊದಲೇ ಅದನ್ನು ಸರಿಪಡಿಸಿಕೊಳ್ಳಿ.